ಹದಿನಾಲ್ಕರ ಹರೆಯದ ಓದು

ವರ್ಷದ ಕೊನೆ ಸಮೀಪಿಸಿತೆಂದರೆ ಪತ್ರಿಕೆಗಳಲ್ಲಿ ಮೆಚ್ಚಿನ ಪುಸ್ತಕಗಳ ಪಟ್ಟಿಗಳು ಬರಲಾರಂಭಿಸುತ್ತವೆ. ಬಲ್ಲ ವಿಮರ್ಶಕರು ತಾವು ಓದಿದ ಹತ್ತು ಹನ್ನೆರಡು ಗ್ರಂಥಗಳ ಹೆಸರು ಹೇಳಿ, ಒಂದೆರಡು ಮಾತಿನಲ್ಲಿ ಅವುಗಳ ಗುಣವನ್ನು ಸೂಚಿಸಿ, ವಾಚಕರಿಗೆ ದಾರಿ ತೋರುತ್ತಾರೆ. ಆ ಪಟ್ಟಿಗಳನ್ನು ನಾನೂ ಆಸಕ್ತಿಯಿಂದ ಓದುವವನೇ. ಆದರೆ ಅವುಗಳಲ್ಲಿ ನಾನು ಬಹುಕಾಲದಿಂದ ಕಾಣುತ್ತ ಬಂದಿರುವ ಕೊರತೆಯೊಂದಿದೆ. ಪ್ರೌಢರ ಕಾದಂಬರಿ, ಕಥಾಸಂಕಲನ, ಕವನಸಂಗ್ರಹ, ವಿಮರ್ಶೆ, ಅನುವಾದ ಎಲ್ಲಕ್ಕೂ ಅಲ್ಲಿ ಎಡೆಯುಂಟು; ಹದಿಮೂರರಿಂದ ಹದಿನೇಳರವರೆಗಿನ ಹುಡುಗ ಹುಡುಗಿಯರು ಓದುವ ಕಾದಂಬರಿಗೆ ಮಾತ್ರ ಎಡೆ ದೊರೆಯುವುದು ಅಪರೂಪ. ಕಿಶೋರ ಕಾದಂಬರಿಯೆಂದು ಕರೆಯಬಹುದಾದ ಈ ಬಗೆಯ ಪುಸ್ತಕಗಳಲ್ಲಿ ಈ ವರ್ಷ ನನಗೆ ಮೆಚ್ಚಿಕೆಯಾದವನ್ನು ಹೇಳಿ, ಆ ನೆಪದಲ್ಲಿ ಒಂದೆರಡು ವಿಚಾರಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನಕ್ಕೆ ಕೈಹಚ್ಚಿದ್ದೇನೆ.

ಮೊದಲಿಗೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ನಾನಿರುವುದು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಗೆ ಸಮೀಪದ ಊರೊಂದರಲ್ಲಿ. ವೃತ್ತಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವುದು. ನಮ್ಮ ಪೇಟೆಯಲ್ಲಿ ಪಠ್ಯಪುಸ್ತಕ, ಗೈಡು, ನೋಟುಬುಕ್ಕುಗಳನ್ನು ಮಾರುವ ಅಂಗಡಿಗಳುಂಟು; ಕಾದಂಬರಿ ಮಾರುವ ಅಂಗಡಿಯನ್ನು ನಾನು ಕಂಡಿಲ್ಲ. ಪುಸ್ತಕ ಬೇಕಾದರೆ ಕಲಬುರಗಿಯ ಬಸ್ಸು ಹತ್ತಬೇಕು, ಇಲ್ಲವೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿಬರುವವರಿಗೆ ಹೇಳಿಕಳುಹಿಸಬೇಕು. ಫೋನಿನ ಮೂಲಕ ತರಿಸುವ ಅನುಕೂಲ ಈಗ ಉಂಟು, ನಿಜ. ಆದರೆ ತರಿಸಬೇಕಾದ ಪುಸ್ತಕ ಇಂಥದೆಂದು ಮೊದಲು ತಿಳಿದಿರಬೇಕಲ್ಲ! ಬೆಂಗಳೂರಿನಲ್ಲಿ ಬಿಡುಗಡೆಯಾದ ಪುಸ್ತಕ ನಮ್ಮ ಮಕ್ಕಳ ಕೈ ಸೇರುವ ಹೊತ್ತಿಗೆ ಎರಡು ಮೂರು ವರ್ಷಗಳಾದರೂ ಸಂದಿರುತ್ತವೆ. ಆದುದರಿಂದ ‘ಈ ವರ್ಷದ ಕಾದಂಬರಿಗಳು’ ಎಂದರೆ 2025ರಲ್ಲಿ ಶಾಲೆ ತೆರೆದಂದಿನಿಂದ ನನ್ನ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿದ ಕಾದಂಬರಿಗಳೆಂದು ವಾಚಕರು ದಯವಿಟ್ಟು ತಿಳಿಯಬೇಕು. ಅವುಗಳಲ್ಲಿ ಕೆಲವು ಹೊಸವು, ಕೆಲವು ನನಗಿಂತ ಸ್ವಲ್ಪವೇ ಕಿರಿಯವು, ಒಂದು ನನ್ನ ತಂದೆಯವರ ಓರಗೆಯದು.

ನನ್ನ ಬಳಿ ಒಂದು ತಗಡಿನ ಟ್ರಂಕು ಇದೆ. ಅದರಲ್ಲಿ ನಲವತ್ತರಷ್ಟು ಪುಸ್ತಕಗಳಿವೆ. ಜೊತೆಗೆ ಒಂದು ನೂರು ಪುಟದ ವಹಿ. ವಹಿಯಲ್ಲಿ ಒಯ್ದವರ ಹೆಸರು, ಪುಸ್ತಕದ ಹೆಸರು, ಒಯ್ದ ದಿನ, ಮರಳಿಸಿದ ದಿನ ಎಂದು ನಾಲ್ಕು ಕಲಮುಗಳು. ಎರಡು ವರ್ಷಗಳ ಹಿಂದೆ ಐದನೆಯದೊಂದನ್ನು ಸೇರಿಸಿದೆ: ‘ನಡುವೆ ಯಾರಿಗೆ ಕೊಟ್ಟೆ?’ ಶಿಕ್ಷಕನು ಕೊಟ್ಟ ಪುಸ್ತಕವನ್ನು ಹುಡುಗರು ಭಯಭಕ್ತಿಯಿಂದ ಒಯ್ದು, ಎಂಟು ದಿನ ಇಟ್ಟುಕೊಂಡು, ಓದದೆಯೇ ಮರಳಿಸುವುದುಂಟು. ಆದರೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ, ನನಗೆ ತಿಳಿಯದಂತೆ, ದಾಟಿ ಹೋದ ಪುಸ್ತಕ ನಿಜವಾಗಿ ಓದಿಸಿಕೊಂಡ ಪುಸ್ತಕ. ನನ್ನ ಮೆಚ್ಚಿಕೆಯನ್ನು ಈ ಐದನೆಯ ಕಲಮಿನೊಡನೆ ತಾಳೆ ನೋಡಿಯೇ ಇಲ್ಲಿ ಬರೆಯುತ್ತಿದ್ದೇನೆ. ಅದು ಖಾಲಿ ಉಳಿದ ಕಡೆ ನನ್ನ ಅಭಿರುಚಿಯನ್ನು ನಾನೇ ಸಂದೇಹಿಸಿದ್ದೇನೆ.

ನಮ್ಮ ಭಾಗದಲ್ಲಿ ಮಕ್ಕಳು ಕನ್ನಡ ಕಥೆಪುಸ್ತಕ ಹಿಡಿದು ಕೂರುವುದು ಬಹಳ ಹಳೆಯ ಸಂಗತಿಯಲ್ಲ. ನನ್ನ ತಂದೆಯವರು ಶಾಲೆಗೆ ಹೋದದ್ದು ನಿಜಾಮರ ಆಳ್ವಿಕೆಯಲ್ಲಿ; ಅವರು ತಿದ್ದಿದ್ದು ಅಲಿಫ್, ಬೇ. 1948ರ ಸೆಪ್ಟೆಂಬರ್ 17ರ ತರುವಾಯವೇ ಅವರ ಪಾಲಿಗೆ ಕನ್ನಡವು ಶಾಲೆಯ ಭಾಷೆಯಾಯಿತು. ಅಲ್ಲಿಯವರೆಗೆ ಅದು ಮನೆಯ ಮಾತು, ಭಜನೆಯ ಮಾತು, ಪುರಾಣದ ಕಟ್ಟೆಯ ಮಾತು. ಪಂಜೆಯವರ ಪದ್ಯಗಳನ್ನು, ರಾಜರತ್ನಂ ಅವರ ಶಿಶುಗೀತೆಗಳನ್ನು, ಕುವೆಂಪು ಅವರ ಕಿಂದರಿಜೋಗಿಯನ್ನು ಬಾಯಿಪಾಠ ಮಾಡಿದ ಬಾಲ್ಯ ಅವರದಲ್ಲ; ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮೂರು ಸಂಪುಟಗಳಲ್ಲಿ ‘ಬಾಲ ಪ್ರಪಂಚ’ವನ್ನು ತಂದಿದ್ದರೂ ಅದು ಅವರವರೆಗೆ ಬರಲಿಲ್ಲ.

ನನ್ನ ಕಾಲಕ್ಕೆ ಸ್ಥಿತಿ ಸುಧಾರಿಸಿತ್ತು. ಚಂದಮಾಮ ಬರುತ್ತಿತ್ತು, ಅನುಪಮಾ ನಿರಂಜನ ಅವರ ‘ದಿನಕ್ಕೊಂದು ಕಥೆ’ಯ ಸಂಪುಟಗಳು ಬಂದವು. ಆದರೆ ಹನ್ನೆರಡು ತುಂಬಿದ ಮೇಲೆ? ಅಲ್ಲಿಂದ ಮುಂದೆ ಒಂದು ಬಯಲು. ಆ ಬಯಲನ್ನು ನಾವು ದಾಟಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕೈಹಿಡಿದು. ಅಂಗೈಯಗಲದ ಆ ಅಗ್ಗದ ಕಾದಂಬರಿಗಳನ್ನು ಭೂಗೋಳದ ಪುಸ್ತಕದೊಳಗಿಟ್ಟು ಓದಿ ಛಡಿ ಏಟು ತಿಂದವರ ಪೈಕಿ ನಾನೂ ಒಬ್ಬ. ಸಾಹಿತ್ಯಚರಿತ್ರೆಯಲ್ಲಿ ಅವಕ್ಕೆ ದೊಡ್ಡ ಸ್ಥಾನವಿಲ್ಲ. ಆದರೂ ಒಂದು ತಲೆಮಾರಿಗೆ ನೂರು ಪುಟಗಳನ್ನು ಒಂದೇ ಉಸಿರಿನಲ್ಲಿ ಓದುವ ಶಕ್ತಿಯನ್ನು ಕೊಟ್ಟ ಉಪಕಾರ ಅವುಗಳದು. ಇಂದಿನ ಹುಡುಗನಿಗೆ ಚಂದಮಾಮವೂ ಇಲ್ಲ, ಪುರುಷೋತ್ತಮನೂ ಇಲ್ಲ; ಇರುವುದು ಅಂಗೈಯಲ್ಲಿನ ಫೋನು.

ಹೀಗಿರಲಾಗಿ, ಕಳೆದ ಕೆಲವು ವರ್ಷಗಳಲ್ಲಿ ಕನ್ನಡದಲ್ಲಿ ಒಂದು ಸಂತೋಷದ ಬದಲಾವಣೆ ಕಾಣಿಸಿಕೊಂಡಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರವು ಮೊದಮೊದಲು ಹೆಚ್ಚಾಗಿ ಹಿರಿಯರ ಒಟ್ಟು ಸಾಧನೆಗೆ ಸಲ್ಲುತ್ತಿತ್ತು. 2019ರಿಂದ 2023ರವರೆಗೆ ಸತತವಾಗಿ ಐದು ಬಾರಿ ಅದು ಕಾದಂಬರಿಗೆ ಸಂದಿತು: ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್. ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಮುಂದಿನ ಎರಡು ವರ್ಷ, 2024ರಲ್ಲಿ ಮತ್ತು 2025ರಲ್ಲಿ, ಅದು ಕಥಾಸಂಕಲನಗಳ ಪಾಲಾಯಿತು. ಪ್ರಶಸ್ತಿಯಿಂದಲೇ ಪುಸ್ತಕ ದೊಡ್ಡದಾಗುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಪದ್ಯ ಮತ್ತು ನೀತಿಕಥೆಗಳಷ್ಟೇ ಮಕ್ಕಳ ಸಾಹಿತ್ಯವೆಂಬ ನಮ್ಮ ರೂಢಿ ಸಡಿಲಗೊಳ್ಳುತ್ತಿದೆಯೆಂಬುದಕ್ಕೆ ಈ ಐದು ವರ್ಷಗಳು ಸಾಕ್ಷಿ. ಇವುಗಳಲ್ಲಿ ಮೂರು ನನ್ನ ಟ್ರಂಕು ಸೇರಿವೆ.

ಮೊದಲಿನದು ‘ಓಡಿ ಹೋದ ಹುಡುಗ’. ಕಥೆಯನ್ನು ನಾನಿಲ್ಲಿ ಬಿಡಿಸಿ ಹೇಳುವುದಿಲ್ಲ. ಓದಬೇಕಾದವರ ಸುಖವನ್ನು ಕಸಿಯಬಾರದು. ಅದು ನಮ್ಮ ಶಾಲೆಯಲ್ಲಿ ಏನು ಮಾಡಿತೆಂಬುದನ್ನಷ್ಟೇ ಹೇಳುತ್ತೇನೆ. ಟ್ರಂಕಿನಿಂದ ಪುಸ್ತಕ ಹೊರತೆಗೆದ ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಮುಖಪುಟವನ್ನು ಬಹಳ ಹೊತ್ತು ನೋಡಿ, “ಸರ್, ಇದು ನಮ್ಮ ಅಣ್ಣಂದು ಕಥಿ ಅದ ಏನ್ರಿ?” ಎಂದು ಕೇಳಿದ. ಅವನ ಅಣ್ಣ ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾಗಿ, ಮನೆಯಲ್ಲಿ ಹೇಳದೆ ಪುಣೆಗೆ ಹೋದವನು. ನಮ್ಮ ಊರುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ತೊಗರಿ ಕೈಕೊಟ್ಟ ವರ್ಷ ಇಡೀ ಮನೆಯೇ ಪುಣೆ, ಮುಂಬಯಿ, ಹೈದರಾಬಾದುಗಳ ದಾರಿ ಹಿಡಿಯುತ್ತದೆ. ಹುಡುಗ ಪುಸ್ತಕವನ್ನು ತಿಂಗಳಿಗೂ ಮಿಗಿಲಾಗಿ ಇಟ್ಟುಕೊಂಡ. ಕೇಳಿದಾಗ, “ಅಣ್ಣ ದೀಪಾವಳಿಗಿ ಬರ್ತಾನ್ರಿ, ಅವಂಗೂ ಓದ್ಲಿಕ್ಕ ಕೊಟ್ಟು ಕೊಡ್ತೀನ್ರಿ” ಎಂದ. ಐದನೆಯ ಕಲಮಿನಲ್ಲಿ ಈಗ ಅವನ ಅಣ್ಣನ ಹೆಸರಿದೆ. ಶಾಲೆ ಬಿಟ್ಟುಹೋದವನೊಬ್ಬನ ಹೆಸರು ಶಾಲೆಯ ವಹಿಯಲ್ಲಿ ಮತ್ತೆ ಬಂದದ್ದನ್ನು ನಾನು ಅದೇ ಮೊದಲು ಕಂಡೆ.

ಮನೆ ಬಿಟ್ಟು ಓಡುವ ಹುಡುಗನಿಗೆ ಕಾದಂಬರಿಯಲ್ಲಿ ದೀರ್ಘ ಪರಂಪರೆಯುಂಟು. ಆರ್. ಕೆ. ನಾರಾಯಣರ ಸ್ವಾಮಿ 1935ರಲ್ಲಿಯೇ ಓಡಿದ್ದಾನೆ. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಂದಿನಿಂದ ಅವನು ಕನ್ನಡದ ಮನೆಗಳ ಹುಡುಗನೇ ಆಗಿಬಿಟ್ಟಿದ್ದಾನೆ. ಈ ವರ್ಷ ನನ್ನ ಮೆಚ್ಚಿಕೆಯ ಎರಡನೆಯ ಪುಸ್ತಕ ಆ ಹಳೆಯ ಸ್ವಾಮಿಯ ಕಥೆಯೇ. ಶಾಲೆಯ ಹೆದರಿಕೆಯಿಂದ ಓಡಿದ ಸ್ವಾಮಿ ಕಾಡಿನಲ್ಲಿ ದಾರಿ ತಪ್ಪಿ, ಮರಳಿ ಬರುವಷ್ಟರಲ್ಲಿ ಗೆಳೆಯ ರಾಜಂ ಎದುರುನೋಡುತ್ತಿದ್ದ ಕ್ರಿಕೆಟ್ ಪಂದ್ಯ ಮುಗಿದುಹೋಗಿರುತ್ತದೆ. ರಾಜಂ ಊರು ಬಿಡುವ ದಿನ ಸ್ವಾಮಿ ಕೈಯಲ್ಲೊಂದು ಪುಸ್ತಕ ಹಿಡಿದು ರೈಲಿನ ಬಳಿಗೆ ಓಡುತ್ತಾನೆ. ಗೆಳೆಯ ಕ್ಷಮಿಸಿದನೋ ಇಲ್ಲವೋ ಎಂಬುದು ಅವನಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಇಂಥ ಮುಕ್ತಾಯವನ್ನು ಹದಿನಾಲ್ಕರ ಹುಡುಗರು ಸಹಿಸಲಾರರೆಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ನಾನು ಕಂಡಂತೆ ಅವರು ಸಹಿಸುವುದಷ್ಟೇ ಅಲ್ಲ, ಆ ಪ್ರಶ್ನೆಯನ್ನು ಹಿಡಿದು ಮಧ್ಯಾಹ್ನದ ಊಟದ ಸಾಲಿನಲ್ಲಿಯೂ ವಾದಿಸುತ್ತಾರೆ.

ಈ ಎರಡು ಪುಸ್ತಕಗಳ ಮಾತು ತರಗತಿಯಲ್ಲಿ ನಡೆದಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಓಡಿ ಹೋದ ಹುಡುಗ ಅಂದ್ರ ಪುಸ್ತಕ ಆಗ್ತದ್ರಿ. ಓಡಿ ಹೋದ ಹುಡುಗಿ ಅಂದ್ರ ಬೈಗುಳ ಆಗ್ತದಲ್ರಿ?” ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಆ ಪ್ರಶ್ನೆಗೆ ಕೊಡಲು ಉತ್ತರವಿರಲಿಲ್ಲ. ಅವಳು ಹೇಳಿದ್ದು ಸತ್ಯ. ಅದೇ ಕ್ರಿಯಾಪದ, ಅದೇ ಬಾಗಿಲು, ಅದೇ ರಸ್ತೆ. ಲಿಂಗವೊಂದು ಬದಲಾದರೆ ಸಾಹಸವು ಅಪಕೀರ್ತಿಯಾಗುತ್ತದೆ. ನಮ್ಮ ಮಕ್ಕಳ ಕಾದಂಬರಿಗಳಲ್ಲಿ ಕಾಡಿಗೆ ಹೋಗುವವನು, ಗುಹೆ ಹೊಗುವವನು, ನದಿ ಈಜುವವನು ಬಹುಮಟ್ಟಿಗೆ ಹುಡುಗನೇ. ಅವನ ಜೊತೆಗೆ ಒಬ್ಬ ತಂಗಿಯನ್ನೋ ಗೆಳತಿಯನ್ನೋ ಕಳುಹಿಸಿ ನಮ್ಮ ಲೇಖಕರು ಸಮಾಧಾನಪಟ್ಟುಕೊಳ್ಳುತ್ತಾರೆ.

ಆ ಹುಡುಗಿಗೆ ನಾನು ಕೊಟ್ಟದ್ದು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಹೊರಬಂದ ಈ ಚಿಕ್ಕ ಕಾದಂಬರಿಯನ್ನು ಯಾವ ಪ್ರಕಾಶಕರೂ ಕಿಶೋರ ಸಾಹಿತ್ಯವೆಂದು ಕರೆದದ್ದಿಲ್ಲ. ಪ್ರೇಮಾ ಕಾರಂತರು 1983ರಲ್ಲಿ ಅದನ್ನು ಚಲನಚಿತ್ರವಾಗಿಸಿದಾಗಲೂ ಅದು ಪ್ರೌಢರದೇ ಚಿತ್ರವಾಗಿತ್ತು. ಆದರೆ ಅದರ ನಾಯಕಿ ಒಂಬತ್ತರ ಪ್ರಾಯದಲ್ಲಿ ಮದುವೆಯಾಗಿ, ಗಂಡನೆಂದರೆ ಯಾರೆಂದು ತಿಳಿಯುವ ಮುನ್ನವೇ ಅವನನ್ನು ಹಾವಿಗೆ ಕಳೆದುಕೊಂಡು, ನೂರಕ್ಕೂ ಮಿಕ್ಕ ವರ್ಷಗಳನ್ನು ವಿಧವೆಯಾಗಿ ಸವೆಸಿದವಳು. ಬಾಲ್ಯವನ್ನೇ ಕಳೆದುಕೊಂಡವಳ ಕಥೆಯನ್ನು ಬಾಲ್ಯ ಮುಗಿಯುತ್ತಿರುವ ಹುಡುಗಿಯೇ ಓದಬಾರದೆಂದರೆ ಮತ್ತಾರು ಓದಬೇಕು? ಮಲೆನಾಡಿನ ಬ್ರಾಹ್ಮಣ ಮನೆತನದ ಆ ಕಥೆ ಭೀಮಾತೀರದ ಒಕ್ಕಲಿನ ಮನೆಯಲ್ಲಿ ಹೇಗೆ ನಾಟೀತೆಂಬ ಸಂದೇಹ ನನಗಿತ್ತು. ಹತ್ತು ದಿನಗಳ ಮೇಲೆ ಹುಡುಗಿ ಪುಸ್ತಕ ಮರಳಿಸಿದಳು. ಅಕ್ಷರ ಬಾರದ ತಾಯಿಗೆ ರಾತ್ರಿಯ ಹೊತ್ತು ಓದಿ ಹೇಳಿದಳಂತೆ. ತಾಯಿ ಏನೆಂದಳೆಂದು ಕೇಳಿದೆ. “ಅವ್ವ ಏನೂ ಅನ್ಲಿಲ್ರಿ. ಪುಸ್ತಕ ಮುಗದ ಮ್ಯಾಲ, ನೀ ಹತ್ತನೇ ಕ್ಲಾಸು ಮುಗಸು ಅಂದಳ್ರಿ.” ಹುಡುಗಿಯ ಮನೆಯಲ್ಲಿ ಆಗ ವರನ ಮಾತು ನಡೆದಿತ್ತೆಂಬುದು ನನಗೆ ಅನಂತರ ತಿಳಿಯಿತು. ಅವಳು ಈಗಲೂ ಶಾಲೆಗೆ ಬರುತ್ತಿದ್ದಾಳೆ. ಮುಂದಿನ ಮಾತನ್ನು ನಾನು ಹೇಳಲಾರೆ. ಹೆಣ್ಣಿಗೆ ಹದಿನೆಂಟು ತುಂಬದೆ ಮದುವೆ ಕೂಡದೆಂದು ಕಾನೂನು ಹೇಳುತ್ತದೆ, ನಾವು ಶಿಕ್ಷಕರೂ ವರ್ಷ ವರ್ಷ ಹೇಳುತ್ತೇವೆ. ನಮ್ಮ ಮಾತು ಅಂಗಳದಲ್ಲಿಯೇ ನಿಂತಿತ್ತು. ಆ ಪುಸ್ತಕ ಒಲೆಯ ಪಕ್ಕಕ್ಕೆ ಹೋಗಿ ಕುಳಿತಿತು.

ನನ್ನ ನಾಲ್ಕನೆಯ ಹಾಗೂ ಐದನೆಯ ಮೆಚ್ಚಿಕೆಗಳನ್ನು ಜೊತೆಯಾಗಿಯೇ ಹೇಳಬೇಕು. ಹುಡುಗರು ಅವನ್ನು ಜೊತೆಯಾಗಿಯೇ ಓದಿದರು. ಒಂದು, ಸಿದ್ಧಾಪುರದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’. ಇನ್ನೊಂದು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಬೀಗಾರರು ಶಿಕ್ಷಕರಾಗಿದ್ದವರು, ಮಲೆನಾಡಿನ ಮಕ್ಕಳನ್ನು ಹತ್ತಿರದಿಂದ ಕಂಡವರು. ಮರವೆಂದರೆ ಜಾಲಿ, ಬೇವುಗಳನ್ನೇ ನೆನೆಯುವ ನಮ್ಮ ಕರಿನೆಲದ ಹುಡುಗರಿಗೆ ಬಾವಲಿಗಳ ಗುಹೆಯೊಂದು ಕನ್ನಡದಲ್ಲಿಯೇ ತೆರೆದುಕೊಂಡದ್ದು ದೊಡ್ಡ ಬೆರಗು. ಆ ಬೆರಗನ್ನು ಹಿಡಿದೇ ಅವರಲ್ಲಿ ಕೆಲವರು 1980ರ ‘ಕರ್ವಾಲೊ’ಗೆ ಬಂದರು.

‘ಕರ್ವಾಲೊ’ ಹುಡುಗರಿಗಾಗಿ ಬರೆದ ಕಾದಂಬರಿಯಲ್ಲ. ಆದರೂ ಕನ್ನಡದಲ್ಲಿ ಹದಿಹರೆಯದವರ ಅತ್ಯುತ್ತಮ ಕಾದಂಬರಿ ಯಾವುದೆಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಅದರ ಹೆಸರನ್ನೇ ಹೇಳುತ್ತೇನೆ. ಹಾರುವ ಓತಿಯನ್ನು ಅರಸಿ ಕಾಡು ಹೊಗುವ ರೋಮಾಂಚವೊಂದೇ ಅದಕ್ಕೆ ಕಾರಣವಲ್ಲ. ಅದರ ಮಂದಣ್ಣನನ್ನು ನೋಡಿರಿ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಜೇನು ಹಿಡಿಯುತ್ತ ಅಲೆಯುವವನು. ಮದುವೆಯ ಹಂಬಲದಲ್ಲಿ ನಗೆಪಾಟಲಾದವನು. ವಿಜ್ಞಾನಿ ಕರ್ವಾಲೊ ಒಬ್ಬರೇ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಪರೀಕ್ಷೆಯಲ್ಲಿ ಸೋತು, ಮನೆಯಲ್ಲಿ ಬೈಸಿಕೊಂಡು, ತಾನು ಯಾವ ಕೆಲಸಕ್ಕೂ ಬಾರದವನೆಂದು ನಂಬತೊಡಗಿರುವ ಹುಡುಗನಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಯಾವುದು? ಅದೂ ಒಂದು ಉಪದೇಶದ ಮಾತಿಲ್ಲದೆ! ಕಡೆಗೆ ಓತಿ ಕೈಗೆ ಸಿಗದೆ ಪ್ರಪಾತದತ್ತ ತೇಲಿಹೋಗುವಾಗ ನಮ್ಮ ತರಗತಿ ನಿಶ್ಶಬ್ದವಾಗಿತ್ತು. ಕೈಗೆ ಸಿಗದಿದ್ದರೂ ಹುಡುಕಾಟ ವ್ಯರ್ಥವಲ್ಲವೆಂಬುದನ್ನು ಅವರಿಗೆ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಆರನೆಯದು, ಕುಂದಾಪುರ ಸೀಮೆಯ ಹಾಲಾಡಿಯಿಂದ ಬಂದ ವಿಜಯಶ್ರೀ ಅವರ ‘ಸೂರಕ್ಕಿ ಗೇಟ್’. ಹೆ‌ಸರನ್ನು ಓದಿದೊಡನೆ ಮಕ್ಕಳು ಕೇಳಿದ್ದು, ಸೂರಕ್ಕಿಯೆಂದರೆ ಏನೆಂದು. ಹೂವಿನ ಮುಂದೆ ರೆಕ್ಕೆ ಬಡಿಯುತ್ತ, ಬಾಗಿದ ಕೊಕ್ಕಿನಿಂದ ಮಕರಂದ ಹೀರುವ ಪುಟ್ಟ ಹಕ್ಕಿಯೆಂದೆ. ಶಾಲೆಯ ಅಂಗಳದ ದಾಸವಾಳದಲ್ಲಿ ಅದನ್ನು ನಿತ್ಯ ಕಂಡವರು ಅವರು. ಹೆಸರು ಮಾತ್ರ ತಿಳಿದಿರಲಿಲ್ಲ. ಕಂಡ ವಸ್ತುವಿಗೆ ಹೆಸರು ಸಿಕ್ಕಿದ ಸಂತೋಷವೇ ಸಾಹಿತ್ಯದ ಮೊದಲ ಸಂತೋಷವೆಂದು ನಾನು ತಿಳಿದಿದ್ದೇನೆ. ಆದರೆ ಅದೇ ದಿನ ಇನ್ನೊಂದು ಪ್ರಶ್ನೆಯೂ ಬಂತು: “ಸರ್, ಎಲ್ಲಾ ಪುಸ್ತಕದಾಗ ಕಾಡೇ ಅದ, ಮಳೆನೇ ಅದ. ನಮ್ಮ ಊರು ಯಾಕಿಲ್ರಿ?”

ವಾಚಕರು ಒಮ್ಮೆ ಮೇಲಿನ ಪಟ್ಟಿಯನ್ನು ತಿರುಗಿ ನೋಡಬೇಕು. ಮೂಡಿಗೆರೆ, ಸಿದ್ಧಾಪುರ, ಕುಂದಾಪುರ, ಮಲೆನಾಡಿನ ಅಗ್ರಹಾರ, ಕಲ್ಪನೆಯ ಮಾಲ್ಗುಡಿ. ಕಲ್ಯಾಣ ಕರ್ನಾಟಕದ ಹುಡುಗ ತನ್ನ ಕನ್ನಡದ ಓದಿನಲ್ಲಿ ಎಲ್ಲೆಲ್ಲಿಯೋ ಅಲೆದು ಬರುತ್ತಾನೆ. ತನ್ನ ಮನೆಯ ಬಾಗಿಲಿಗೆ ಮಾತ್ರ ಬರುವುದಿಲ್ಲ. ಅಲೆದಾಟ ಒಳ್ಳೆಯದೇ. ಆದರೆ ಕಥೆಯಾಗಲು ಯೋಗ್ಯವಾದದ್ದು ಬೇರೆಡೆಯ ಬದುಕೇ ಎಂಬ ಭಾವನೆ ಆ ವಯಸ್ಸಿನಲ್ಲಿ ಒಮ್ಮೆ ಬೇರೂರಿತೆಂದರೆ ಅದನ್ನು ಕೀಳುವುದು ಕಠಿಣ. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿತು. 2020ರ ಅಕ್ಟೋಬರಿನಲ್ಲಿಯೂ ಉಕ್ಕಿತ್ತು. ನದಿಯಂಚಿನ ಊರುಗಳ ಜನರು ಹಾಸಿಗೆ ಪಾತ್ರೆಗಳನ್ನು ಹೊತ್ತು ಕಾಳಜಿ ಕೇಂದ್ರಗಳನ್ನು ಸೇರಿದರು. ಅಂಥದೊಂದು ಕೇಂದ್ರಕ್ಕೆ ನಾನು ಟ್ರಂಕಿನ ಪುಸ್ತಕಗಳನ್ನು ಒಯ್ದಿದ್ದೆ. ಅಲ್ಲಿ ಹುಡುಗನೊಬ್ಬ, “ಇಷ್ಟ್ ದೊಡ್ಡ ನೀರು ಬಂತಲ್ರಿ, ಇದರ ಮ್ಯಾಲ ಯಾರರ ಬರದಾರೇನ್ರಿ?” ಎಂದು ಕೇಳಿದ. ಪತ್ರಿಕೆಯಲ್ಲಿ ಬಂದಿದೆಯೆಂದೆ. “ಪೇಪರ್ ಅಲ್ರಿ, ಇಂಥಾದ್ದು” ಎಂದು ಕೈಯಲ್ಲಿದ್ದ ‘ಬಾವಲಿ ಗುಹೆ’ಯನ್ನು ಎತ್ತಿ ತೋರಿಸಿದ.

ಈ ನೆಲಕ್ಕೆ ಬರೆಯುವ ಕೈಗಳ ಬರವಿಲ್ಲ. ಭೀಮೆಯ ಆಚೆ, ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ, ಮಧುರಚೆನ್ನ ಮತ್ತು ಅವರ ಗೆಳೆಯರು ಹಳ್ಳಿಯ ಹೆಂಗಳೆಯರ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ತಂದರು. ನಮ್ಮ ಕಡೆಯ ಮಾತಿನಲ್ಲಿಯೇ ಉತ್ತಮ ಸಾಹಿತ್ಯ ಉಂಟೆಂಬುದು ಅಂದೇ ನಿಶ್ಚಯವಾಯಿತು. ಕಲಬುರಗಿಯ ಗೀತಾ ನಾಗಭೂಷಣ ಅವರು ‘ಬದುಕು’ ಕಾದಂಬರಿಯನ್ನು ಈ ಸೀಮೆಯ ನುಡಿಯಲ್ಲಿ ಬರೆದು 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಆದರೆ ಅದು ಪ್ರೌಢರ ಕೃತಿ. ಮಕ್ಕಳಿಗಾಗಿ ಬರೆದ ಕವಿಗಳನ್ನೂ ನಾವು ಗೌರವಿಸಿದ್ದೇವೆ. ಕಲಬುರಗಿಯಲ್ಲಿ 1987ರಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಸಿದ್ಧಯ್ಯ ಪುರಾಣಿಕರೂ, 2020ರಲ್ಲಿ ನಡೆದ ಸಮ್ಮೇಳನಕ್ಕೆ ಎಚ್. ಎಸ್. ವೆಂಕಟೇಶಮೂರ್ತಿಯವರೂ ಅಧ್ಯಕ್ಷರಾಗಿದ್ದರು, ಇಬ್ಬರೂ ಮಕ್ಕಳ ಪದ್ಯಗಳಿಗೆ ಹೆಸರಾದವರು. ವೆಂಕಟೇಶಮೂರ್ತಿಯವರು 2025ರ ಮೇ ತಿಂಗಳ ಕೊನೆಯಲ್ಲಿ ತೀರಿಕೊಂಡಾಗ, ಶಾಲೆ ತೆರೆದ ಮೊದಲ ವಾರ ಅವರ ಪದ್ಯಗಳನ್ನು ನಾವು ತರಗತಿಯಲ್ಲಿ ಓದಿದೆವು. ಹೀಗೆ ಮಗುವಿಗೆ ಪದ್ಯವುಂಟು, ಹಿರಿಯರಿಗೆ ಕಾದಂಬರಿಯುಂಟು; ನಡುವಿನ ವಯಸ್ಸಿನವನು ಹೊಸ್ತಿಲ ಮೇಲೆಯೇ ನಿಂತಿದ್ದಾನೆ. ಈ ಸೀಮೆಯಿಂದ ಮಕ್ಕಳ ಕಾದಂಬರಿ ಬರಲಾರದೆಂದೂ ಅಲ್ಲ; ಅಕಾಡೆಮಿಯ ಐದು ಕಾದಂಬರಿಗಳಲ್ಲಿ ಮೊದಲಿನದನ್ನು ಬರೆದ ಚಂದ್ರಕಾಂತ ಕರದಳ್ಳಿಯವರು ನೆರೆಯ ಯಾದಗಿರಿ ಜಿಲ್ಲೆಯ ಶಹಾಪುರದವರು. ಆ ದಾರಿಯಲ್ಲಿ ನಡೆಯುವ ಇನ್ನೂ ನಾಲ್ಕಾರು ಜನ ಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆಯ ಸ್ಥಾನದಲ್ಲಿತ್ತು. ಫಲಿತಾಂಶ ಬಂದ ಮೇಲೆ ನಮ್ಮ ಮೇಲೆ ಒತ್ತಡ ಹೆಚ್ಚಿದೆ, ಹೆಚ್ಚಬೇಕಾದದ್ದೇ. “ಪಾಸಾಗುವುದೇ ದುಸ್ತರವಾಗಿರುವಾಗ ಕಾದಂಬರಿ ಓದಿಸಿ ಕಾಲ ಕಳೆಯುತ್ತೀರಾ?” ಎಂದು ಸಹೋದ್ಯೋಗಿಗಳೂ ಪಾಲಕರೂ ಕೇಳುತ್ತಾರೆ. ಅವರ ಆತಂಕವನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ಉತ್ತರಪತ್ರಿಕೆಗಳನ್ನು ತಿದ್ದುವಾಗ ನನಗೆ ಕಾಣುವುದು ಬೇರೆ. ಎಷ್ಟೋ ಮಕ್ಕಳಿಗೆ ಉತ್ತರ ಗೊತ್ತಿಲ್ಲವೆಂದಲ್ಲ. ಪ್ರಶ್ನೆಯನ್ನೇ ಒಂದು ಓಟದಲ್ಲಿ ಓದಿ ಗ್ರಹಿಸಲಾರರು. ಐದಾರು ಸಾಲಿನ ವಾಕ್ಯವೃಂದ ಅವರಿಗೆ ಮುಳ್ಳುಬೇಲಿ. ಗೈಡಿನಲ್ಲಿರುವುದು ತುಂಡು ತುಂಡು ವಾಕ್ಯಗಳು. ಫೋನಿನಲ್ಲಿರುವುದು ಇನ್ನೂ ಚಿಕ್ಕ ತುಂಡುಗಳು. ನೂರಿಪ್ಪತ್ತು ಪುಟಗಳ ಕಥೆಯೊಂದನ್ನು ತನ್ನ ಇಚ್ಛೆಯಿಂದಲೇ ಮುಗಿಸಿದ ಮಗು ಆ ಬೇಲಿಯನ್ನು ದಾಟಿದಂತೆ. ಓದಿನ ಈ ಅಭ್ಯಾಸಕ್ಕೆ ಕಾದಂಬರಿಗಿಂತ ಅಗ್ಗವಾದ ಸಾಧನವನ್ನು ನಾನು ಕಂಡಿಲ್ಲ. ಕಾದಂಬರಿ ಓದಿದವರೆಲ್ಲರೂ ಉತ್ತೀರ್ಣರಾಗುವರೆಂದು ನಾನು ವಾಗ್ದಾನ ಮಾಡಲಾರೆ. ಓದಲು ಬಾರದವರು ಉತ್ತೀರ್ಣರಾಗುವುದು ಕಷ್ಟವೆಂಬುದನ್ನಂತೂ ಯಾರೂ ಅಲ್ಲಗಳೆಯಲಾರರು.

ನಮ್ಮ ಮಕ್ಕಳ ಲೇಖಕರಲ್ಲಿಯೂ ವಿನಯಪೂರ್ವಕ ಒಂದು ಮಾತು ಅರಿಕೆ ಮಾಡಬೇಕು. ನನ್ನ ಟ್ರಂಕಿನಲ್ಲಿ ಐದನೆಯ ಕಲಮು ಖಾಲಿ ಉಳಿದ ಪುಸ್ತಕಗಳೂ ಇವೆ. ಅವುಗಳಲ್ಲಿ ಹೆಚ್ಚಿನವುಗಳ ದೋಷ ಒಂದೇ: ಉಪದೇಶ. ಗಿಡ ನೆಡಿರಿ, ಹಿರಿಯರನ್ನು ಗೌರವಿಸಿರಿ, ಪ್ಲಾಸ್ಟಿಕ್ಕು ಬಿಡಿರಿ ಎಂದು ಹೇಳಲು ಕಾದಂಬರಿ ಬೇಕಾಗಿಲ್ಲ; ಶಾಲೆಯ ಗೋಡೆ ಸಾಕು. ಹದಿನಾಲ್ಕರ ಹುಡುಗ ಬೆಳಿಗ್ಗೆ ಕಬ್ಬಿನ ಗದ್ದೆಯಲ್ಲಿ ದುಡಿದು ಶಾಲೆಗೆ ಬಂದಿರುತ್ತಾನೆ. ಸಾಲದ ಮಾತನ್ನು, ಕುಡಿತದ ಜಗಳವನ್ನು, ಜಾತಿಯ ಕುಹಕವನ್ನು ಕಿವಿಯಾರೆ ಕೇಳಿರುತ್ತಾನೆ. ಅವನ ಕೈಗೆ ಸಕ್ಕರೆಯ ಗೊಂಬೆಯಂಥ ಕಥೆ ಕೊಟ್ಟರೆ ಅವನು ಸೌಜನ್ಯದಿಂದ ಮರಳಿಸುತ್ತಾನೆ. ಹುಡುಗರ ಕಾದಂಬರಿಯಲ್ಲಿ ಭಾಷೆ ಸರಳವಾಗಿರಲಿ, ಪುಟಗಳು ಕಡಿಮೆಯಿರಲಿ. ಸತ್ಯ ಮಾತ್ರ ಕಡಿಮೆಯಾಗಬಾರದು.

ಇನ್ನು ಆಗಬೇಕಾದ ಕಾರ್ಯಗಳು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಶಾಲಾಮಕ್ಕಳು ಅವುಗಳ ಸದಸ್ಯರಾಗಿದ್ದಾರೆ. ಬಾಗಿಲು ತೆರೆದಿದೆ, ಒಳಗೆ ಆ ವಯಸ್ಸಿಗೆ ತಕ್ಕ ಕಾದಂಬರಿಗಳು ಬೇಕು. ಸ್ಪರ್ಧಾಪರೀಕ್ಷೆಯ ಕೈಪಿಡಿಗಳ ಪಕ್ಕದಲ್ಲಿ ಹತ್ತೇ ಹತ್ತು ಕಿಶೋರ ಕಾದಂಬರಿಗಳಿದ್ದರೆ ಸಾಕು, ಕೆಲಸ ಆರಂಭವಾಗುತ್ತದೆ. ಶಿಕ್ಷಕರು ತಾವೇ ಅವನ್ನು ಮೊದಲು ಓದಬೇಕು. ಮಕ್ಕಳ ಪುಸ್ತಕವೆಂದು ನಾಚಬೇಕಾಗಿಲ್ಲ. ಪತ್ರಿಕೆಗಳು ವರ್ಷಾಂತ್ಯದ ಪಟ್ಟಿಗಳಲ್ಲಿ ಈ ಪ್ರಕಾರಕ್ಕೆ ನಾಲ್ಕು ಸಾಲಿನ ಎಡೆ ಕೊಟ್ಟರೂ, ನನ್ನಂಥ ದೂರದ ಊರಿನವನಿಗೆ ತರಿಸಬೇಕಾದ ಪುಸ್ತಕ ಯಾವುದೆಂಬುದು ತಿಳಿಯುತ್ತದೆ.

ಕಾಳಜಿ ಕೇಂದ್ರದಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ಅಂದು ನಾನು ಒಂದು ನೋಟುಬುಕ್ಕು ಕೊಟ್ಟು, ಯಾರೂ ಬರೆದಿಲ್ಲವಾದರೆ ನೀನೇ ಬರೆ ಎಂದಿದ್ದೆ. ಹಾಗೆ ಹೇಳಿ ಮರೆತೂ ಇದ್ದೆ. ಮೊನ್ನೆ ಅವನು ಹನ್ನೊಂದು ಪುಟ ಬರೆದು ತಂದ. ಎತ್ತುಗಳ ಹಗ್ಗ ಬಿಚ್ಚಿದ್ದು, ಅಜ್ಜಿ ಮನೆ ಬಿಟ್ಟು ಬರಲೊಲ್ಲೆನೆಂದದ್ದು, ನೀರಿನಲ್ಲಿ ತೇಲಿದ ತೊಗರಿಯ ಚೀಲ ಎಲ್ಲವೂ ಅದರಲ್ಲಿವೆ. ಕಾಗುಣಿತದ ತಪ್ಪುಗಳೂ ಬೇಕಾದಷ್ಟಿವೆ. “ಇಲ್ಲಿಗಿ ನೀರು ಇಳೀತ್ರಿ. ಮುಂದ ಏನ್ ಬರೀಲ್ರಿ?” ಎಂದು ಕೇಳಿದ. ನೀರು ಇಳಿದ ಮೇಲೆ ಮನೆಗೆ ಹೋದಿರಲ್ಲ, ಅಲ್ಲಿ ಏನು ಕಂಡಿರೋ ಅದನ್ನೇ ಬರೆ ಎಂದೆ. ಅವನು ನೋಟುಬುಕ್ಕನ್ನು ಮರಳಿ ಒಯ್ದಿದ್ದಾನೆ. ಅದನ್ನೂ ನಾನು ವಹಿಯಲ್ಲಿ ಬರೆದುಕೊಂಡಿದ್ದೇನೆ.